ಒಂದು ಪ್ರಶ್ನೆಗೆ ಒಂದು ಹೂ

ಗಂಗಾಮಣಿಯ ಹೆಸರು ಕೆಂಚಮ್ಮನ ಕಿವಿಗೆ ಮೊದಲು ಬಿದ್ದದ್ದು ತೊಂಬತ್ತೈದನೇ ಇಸವಿಯ ಸಂಕ್ರಾಂತಿ ಕಳೆದ ಮೂರನೇ ದಿನ, ಆನೇಮಹಲಿನ ಕಾಫಿ ಶೆಡ್ಡಿನಲ್ಲಿ. ಕುಂದೂರು ಕಡೆಯ ಬಾಲು ಲಾರಿಯಲ್ಲಿ ಕಾಫಿ ಮೂಟೆ ತಂದು ಇಳಿಸುತ್ತಿದ್ದ. ಇಳಿಸಿದವನು ಹೊರಡಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಾಗಿಲಲ್ಲೇ ನಿಂತ.

ಶೆಡ್ಡಿನ ಒಳಗೆ ಉದ್ದದ ಮೇಜು, ಅದರ ಎರಡು ಕಡೆಗೂ ಬೆಂಚು, ಬೆಂಚಿನ ಮೇಲೆ ಇಪ್ಪತ್ತೆರಡು ಹೆಂಗಸರು. ಅವರ ಕೆಲಸ ಬೀಜ ಆರಿಸುವುದು. ಕರಿಬೀಜ, ಒಡಕು, ಹುಳ ಕೊರೆದದ್ದು, ಬಿಳಿಚಿಕೊಂಡದ್ದು ಎಲ್ಲವನ್ನೂ ಬೇರೆ ಮಾಡಿ ಒಳ್ಳೇದನ್ನು ಮುಂದಕ್ಕೆ ತಳ್ಳಬೇಕು. ಮೇಜಿನ ತಲೆಯಲ್ಲಿ ಕೆಂಚಮ್ಮ ಕೂರುತ್ತಿದ್ದಳು. ಒಬ್ಬೊಬ್ಬರ ರಾಶಿಯೂ ಅವಳ ಮುಂದೆ ಬರಬೇಕು. ಅವಳು ಅಂಗೈಯಲ್ಲಿ ಹರಡಿ ನೋಡಿ ಹೂಂ ಅಂದರೆ ಚೀಲಕ್ಕೆ, ಉಹೂಂ ಅಂದರೆ ಮತ್ತೆ ಅವರವರ ಮುಂದಕ್ಕೆ. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಎರಡನೇ ಕ್ಲಾಸು ದಾಟದ ಹೆಂಗಸು, ಆದರೆ ಅವಳು ಉಹೂಂ ಅಂದದ್ದನ್ನು ಹೂಂ ಅನ್ನಿಸುವ ಗಂಡಸು ಆ ಶೆಡ್ಡಿನಲ್ಲಿ ಇರಲಿಲ್ಲ, ಸಾವ್ಕಾರರನ್ನೂ ಸೇರಿಸಿ.

"ಕೆಂಚಕ್ಕ, ಬೆಂಚಿಗೆ ಒಂದಾಳು ಕಮ್ಮಿ ಐತೆ ಅಂತಿದ್ದೆ. ನಮ್ಮ ತಂಗಿ ಅವ್ಳೆ. ಕರ್ಕೊಂಡು ಬರ್ಲಾ?" ಅಂದ ಬಾಲು.

ಕೆಂಚಮ್ಮ ಬಾಯಿ ತೆರೆಯುವ ಮೊದಲೇ ಬೆಂಚಿನಲ್ಲಿದ್ದ ಭೂತಮ್ಮ ತೆರೆದಳು. ಅವಳ ತವರೂ ಕುಂದೂರು ಕಡೆಯೇ.

"ಯಾವ ತಂಗಿಯಪ್ಪ? ವೀರಭದ್ರನ ಗುಡಿ ಕಂಬಕ್ಕೆ ಒರಗಿಕೊಂಡು ಮೂರೊತ್ತೂ ಹೂ ನೋಡ್ತಾ ಕೂತಿರ್ತಾಳಲ್ಲ, ಅವ್ಳಾ? ಅವ್ಳಿಗೆ ತಲೆ ಸರಿ ಇಲ್ಲ ಕಣೋ."

"ತಲೆ ಸರಿ ಇರೋರ ಕೆಲ್ಸ ನಾನೂ ನೋಡಿವ್ನಿ, ಭೂತಮ್ಮತ್ತೆ. ಹೋದ ವಾರ ನಿನ್ನ ಚೀಲದಲ್ಲಿ ಕಲ್ಲಿತ್ತಂತೆ."

ಬೆಂಚು ಪೂರ್ತಿ ನಕ್ಕಿತು. ಕೆಂಚಮ್ಮ ನಗಲಿಲ್ಲ. ಬಾಲುವಿನ ಮುಖದಲ್ಲಿ ನಗು ಇರಲಿಲ್ಲ, ಅದನ್ನು ಅವಳು ಕಂಡಿದ್ದಳು. ಅವ್ವ ಲಿಂಗಮ್ಮ ಸತ್ತು ಎರಡು ತಿಂಗಳಾಗಿತ್ತು, ಅವನು ಲಾರಿ ಮೇಲೆ ಹೋದರೆ ತಂಗಿ ಮನೆಯಲ್ಲಿ ಒಬ್ಬಳೇ.

"ನಾಳೆ ಕರ್ಕೊಂಡು ಬಾ. ಕೈ ನೋಡಿ ಹೇಳ್ತೀನಿ. ತಲೆ ಕಟ್ಕೊಂಡು ನನಗೇನು," ಅಂದಳು.

ಮಾರನೇ ದಿನ ಬಂದವಳಿಗೆ ಇಪ್ಪತ್ತಮೂರು ವರ್ಷ. ಎತ್ತರದ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಜಡೆ, ಕೈಯಲ್ಲಿ ಒಂದು ಬಟ್ಟೆ ಗಂಟು. ಯಾರ ಮುಖವನ್ನೂ ನೋಡಲಿಲ್ಲ. ಬಂದವಳೇ ಕಿಟಕಿ ಪಕ್ಕದ ಜಾಗದ ಮುಂದೆ ನಿಂತುಬಿಟ್ಟಳು. ಅಲ್ಲಿ ಭೂತಮ್ಮ ಕೂತಿದ್ದಳು.

"ಇಲ್ಲಿ ಬೆಳಕೈತೆ," ಅಂದಳು ಗಂಗಾಮಣಿ. ಅಷ್ಟೇ. ಕೂರಲೂ ಇಲ್ಲ, ಕದಲಲೂ ಇಲ್ಲ. ಭೂತಮ್ಮ ಬೈದಳು, ಆಮೇಲೆ ಗೊಣಗಿದಳು. ಕೊನೆಗೆ ಬೆನ್ನ ಹಿಂದೆ ಒಬ್ಬರು ಸುಮ್ಮನೆ ನಿಂತಿರುವುದು ತಡೆಯಲಾರದೆ ಅವಳೇ ಎದ್ದು ಪಕ್ಕಕ್ಕೆ ಸರಿದಳು. ಆ ಜಾಗ ಆವತ್ತಿನಿಂದ ಗಂಗಾಮಣಿಯದು.

ಸಂಜೆ ಅವಳ ರಾಶಿ ಕೆಂಚಮ್ಮನ ಮುಂದೆ ಬಂತು. ಮಿಕ್ಕವರ ರಾಶಿಯ ಅರ್ಧವೂ ಇರಲಿಲ್ಲ. ಕೆಂಚಮ್ಮ ಅಂಗೈಯಲ್ಲಿ ಹರಡಿದಳು, ಮತ್ತೊಂದು ಹಿಡಿ ಹರಡಿದಳು. ರಾಶಿಯ ತಳಕ್ಕೆ ಕೈ ಹಾಕಿ ತೆಗೆದು ನೋಡಿದಳು. ಒಂದು ಕೆಟ್ಟ ಬೀಜ ಸಿಗಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಅಂಥ ರಾಶಿಯನ್ನು ಅವಳು ಕಂಡಿರಲಿಲ್ಲ, ತಾನು ಆರಿಸಿದ್ದರಲ್ಲೂ ಕಂಡಿರಲಿಲ್ಲ.

"ನಿಧಾನ ಆಯ್ತು," ಅಂದಳು, ಏನಾದರೂ ಒಂದು ತಪ್ಪು ಹೇಳಬೇಕಲ್ಲ ಅಂತ.

"ಹೂಂ. ಒಂದೊಂದನ್ನೂ ನೋಡಬೇಕು," ಅಂದಳು ಗಂಗಾಮಣಿ.

ದಿನಾ ಕುಂದೂರಿನಿಂದ ಎರಡು ಬಸ್ಸು ಬದಲಿಸಿ ಬರುವುದು ಆಗುವ ಮಾತಲ್ಲ. ಆನೇಮಹಲಿನಲ್ಲಿ ಕೆಂಚಮ್ಮನ ಮನೆ ಇತ್ತು, ಮನೆಯಲ್ಲಿ ಕೆಂಚಮ್ಮ ಒಬ್ಬಳೇ ಇದ್ದಳು. ವಾರದ ಆರು ದಿನ ಇಲ್ಲಿ, ಭಾನುವಾರ ಊರಿಗೆ ಅಂತ ಮಾತಾಯಿತು. ಹೀಗೆ ಏಳು ವರ್ಷ ನಡೆಯಿತು.

ಅವಳ ಜೊತೆ ಬಾಳುವುದನ್ನು ಕೆಂಚಮ್ಮ ಬೇಗ ಕಲಿತಳು. ಅನ್ನವನ್ನೂ ಮೊಸರನ್ನೂ ಬೇರೆ ಬೇರೆ ಬಟ್ಟಲಲ್ಲಿ ಕೊಡಬೇಕು. ಹಿಂದಿನಿಂದ ಹೋಗಿ ಮುಟ್ಟಬಾರದು. ಶೆಡ್ಡಿನ ಸೈರನ್ ಕೂಗುವ ಮೊದಲು ಅವಳಿಗೆ ಹೇಳಬೇಕು, ಹೇಳಿದರೆ ಕಿವಿ ಮುಚ್ಚಿಕೊಂಡು ಸುಧಾರಿಸಿಕೊಳ್ಳುತ್ತಾಳೆ, ಹೇಳದಿದ್ದರೆ ಆ ಮಧ್ಯಾಹ್ನವೆಲ್ಲ ಹಾಳು. ಮಂಗಳೂರು ರಸ್ತೆ ದಾಟುವಾಗ ಜೊತೆಗಿರಬೇಕು. ಬರುವ ಲಾರಿಯ ವೇಗ ಅವಳಿಗೆ ಅಂದಾಜು ಸಿಗುತ್ತಿರಲಿಲ್ಲ. ಮತ್ತೆ, ಅವಳ ಮುಂದೆ ಬಾಯಿಮಾತಿಗೆ ಏನನ್ನೂ ಕೇಳಬಾರದು. ಒಮ್ಮೆ ಸಾವ್ಕಾರರ ಹೆಂಡತಿ ಶೆಡ್ಡಿಗೆ ಬಂದು ಎಲ್ಲರನ್ನೂ ಕೇಳುವ ಹಾಗೆ ಇವಳನ್ನೂ "ಊಟ ಆಯ್ತೇನೇ?" ಅಂದರು.

"ಅರ್ಧ ಆಯ್ತು. ಕೆಂಚಮ್ಮಕ್ಕನ ಸಾರಲ್ಲಿ ಉಪ್ಪು ಜಾಸ್ತಿ, ಮಿಕ್ಕಿದ್ದು ನಾಯಿಗೆ ಹಾಕಿದೆ. ನಾಯಿನೂ ತಿನ್ನಲಿಲ್ಲ."

ಭೂತಮ್ಮ ಅದನ್ನು ಒಂದು ವರ್ಷ ಹೇಳಿಕೊಂಡು ತಿರುಗಿದಳು.

ಅವಳ ಹಿಂದಿನದ್ದೆಲ್ಲ ಚೂರು ಚೂರಾಗಿ ತಿಳಿಯಿತು. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಮಾಡಿದ ತಪ್ಪನ್ನು ಎದ್ದು ಹೇಳಿದ್ದಕ್ಕೆ ಏಟು ಬಿದ್ದಿತ್ತು. ಮಾರನೇ ದಿನವೂ ಹೇಳಿ ಮತ್ತೆ ತಿಂದಳು. ಅಲ್ಲಿಗೆ ಶಾಲೆ ಮುಗಿಯಿತು. ಅವ್ವ ಲಿಂಗಮ್ಮ ಊರಿನ ವೀರಭದ್ರನ ಗುಡಿ ಅಂಗಳ ಗುಡಿಸುತ್ತಿದ್ದಳು, ಮಗಳನ್ನು ಅಲ್ಲಿಯೇ ಕಂಬದ ಹತ್ತಿರ ಕೂರಿಸುತ್ತಿದ್ದಳು. ಸೋಮವಾರ ಸೋಮವಾರ ಜನ ಬಂದು ದೇವರಲ್ಲಿ ಹೂ ಕೇಳುತ್ತಿದ್ದರು. ಆ ಕಡೆ ಇದು ಎಲ್ಲರ ಪದ್ಧತಿ. ಹೊಲ ಕೊಳ್ಳಲಿ, ಹೆಣ್ಣು ಕೊಡಲಿ, ಮೊದಲು ಹೂ ಕೇಳಬೇಕು. ಪೂಜಾರಿ ಮಹಾದೇವಯ್ಯನವರು ಒದ್ದೆ ಹೂವನ್ನು ದೇವರ ಎರಡು ಭುಜಕ್ಕೂ ಅಂಟಿಸಿ, ಬಂದವರ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿ, ಕೈ ಮುಗಿದು ನಿಲ್ಲುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಎಂಟು ವರ್ಷದಿಂದ ಇಪ್ಪತ್ತೆರಡರವರೆಗೆ ಗಂಗಾಮಣಿ ನೋಡಿದ್ದು ಅದನ್ನೇ.

ಈ ಮಹಾದೇವಯ್ಯನವರ ಮಗಳೇ ದ್ರಾಕ್ಷಾಯಣಿ. ಎರಡು ಸಾವಿರದ ಎರಡನೇ ಇಸವಿಯ ಫೆಬ್ರವರಿಯಲ್ಲಿ ಆಕೆ ಆನೇಮಹಲಿನ ಶೆಡ್ಡಿಗೆ ಬಂದಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಹೆಸರಿನ ಹಿಂದೆ ಡಾಕ್ಟರ್ ಅಂತ ಇತ್ತು. ಹೆಂಗಸರು ಸೊಂಟ ನೋವು, ಮಂಡಿ ನೋವು ಎಲ್ಲ ತಂದು ಅವಳ ಮುಂದೆ ಇಟ್ಟರು.

"ನಾನು ಆ ಡಾಕ್ಟರ್ ಅಲ್ಲ ಕಣ್ರವ್ವ," ಅಂದಳು ದ್ರಾಕ್ಷಾಯಣಿ. "ಮನುಷ್ಯರು ಹೆಂಗೆ ಯೋಚನೆ ಮಾಡ್ತಾರೆ, ಆವಾಗ ಮೆದುಳಲ್ಲಿ ಏನು ನಡೀತದೆ, ಅದನ್ನ ನೋಡೋದು ನನ್ನ ಕೆಲಸ."

"ಅದಕ್ಕೆ ಇಲ್ಲಿಗ್ಯಾಕೆ ಬಂದ್ರಿ? ಇಲ್ಲಿ ಯಾರೂ ಯೋಚನೆ ಮಾಡಲ್ಲ, ಬೀಜ ಆರಿಸ್ತೀವಿ," ಅಂದಳು ಭೂತಮ್ಮ.

ಬಂದದ್ದು ಗಂಗಾಮಣಿಗಾಗಿ. ಆಟಿಸಂ ಅಂತ ಒಂದು ಇರುತ್ತದೆ, ಅದು ಕಾಯಿಲೆಯಲ್ಲ, ಹುಚ್ಚೂ ಅಲ್ಲ, ಮೆದುಳು ಹುಟ್ಟಿನಿಂದಲೇ ಬೇರೆ ರೀತಿ ಕೆಲಸ ಮಾಡುವುದು ಅಂತ ಅವಳು ಕೆಂಚಮ್ಮನಿಗೆ ಬಿಡಿಸಿ ಹೇಳಿದಳು. ಅಂಥವರು ಒಂದು ವಿಷಯವನ್ನು ಹೇಗೆ ತೂಗಿ ನೋಡಿ ತೀರ್ಮಾನಕ್ಕೆ ಬರುತ್ತಾರೆ ಅನ್ನುವುದೇ ಅವಳ ಸಂಶೋಧನೆ. ಗುಡಿಯ ಕಂಬದ ಹತ್ತಿರ ಕೂರುತ್ತಿದ್ದ ಹುಡುಗಿಯನ್ನು ಅವಳು ಚಿಕ್ಕಂದಿನಿಂದ ಕಂಡವಳು.

"ಪೆದ್ದಿ ಅನ್ನೋರು, ದೇವರು ಬಂದೈತೆ ಅನ್ನೋರು. ಎರಡೂ ಅಲ್ಲ ಅಂತ ನನಗೆ ಆಗಲೇ ಅನ್ನಿಸ್ತಿತ್ತು, ಅಕ್ಕ. ಹೇಳೋಕೆ ಮಾತು ಸಿಕ್ಕಿರಲಿಲ್ಲ," ಅಂದಳು.

ಗಂಗಾಮಣಿಯನ್ನು ಅವಳು ಮಾತಾಡಿಸಿದ ರೀತಿ ಕೆಂಚಮ್ಮನಿಗೆ ಹಿಡಿಸಿತು. ಎದುರಿಗೆ ಕೂರದೆ ಪಕ್ಕದಲ್ಲಿ ಕೂತಳು. ಏನೇನು ಕೇಳುತ್ತೇನೆ, ಎಷ್ಟು ಹೊತ್ತು ಕೇಳುತ್ತೇನೆ, ಬೇಡ ಅನ್ನಿಸಿದರೆ ಎದ್ದು ಹೋಗಬಹುದು, ಎಲ್ಲ ಮೊದಲೇ ಹೇಳಿದಳು. ಬೆಂಗಳೂರಿಗೆ ಬಂದರೆ ಒಂದು ದೊಡ್ಡ ಯಂತ್ರದೊಳಗೆ ಮಲಗಿಸಿ ಮೆದುಳಿನ ಚಿತ್ರ ತೆಗೆಯುತ್ತಾರೆ, ಬರುತ್ತೀಯಾ ಅಂತಲೂ ಕೇಳಿದಳು.

"ಶಬ್ದ ಬರ್ತದಾ?"

"ಬರ್ತದೆ. ಜೋರಾಗಿ, ಅರ್ಧ ಗಂಟೆ."

"ಬರಲ್ಲ."

"ಸರಿ," ಅಂದಳು ದ್ರಾಕ್ಷಾಯಣಿ. ಮತ್ತೆ ಆ ಮಾತೆತ್ತಲಿಲ್ಲ. ಇಷ್ಟು ದೂರದಿಂದ ಬಂದವಳು ಒಂದು ಬರಲ್ಲಕ್ಕೆ ಸರಿ ಅಂದುಬಿಟ್ಟಳಲ್ಲ ಅಂತ ಕೆಂಚಮ್ಮನಿಗೆ ಆಶ್ಚರ್ಯ. ಇವಳಿಗೆ ಮಂತ್ರಿಸಿದ ದಾರ ಕಟ್ಟಿಸಿದವರು, ಬೇವಿನ ಹೊಗೆ ಹಾಕಿಸಿದವರು, ಯಾರೂ ಕಟ್ಟಲಾ, ಹಾಕಲಾ ಅಂತ ಕೇಳಿರಲಿಲ್ಲ.

ಪ್ರಶ್ನೆಗಳನ್ನು ಬೆಂಚಿನ ಮಿಕ್ಕವರಿಗೂ ಕೇಳಿದಳು, ಹೋಲಿಸಿ ನೋಡಬೇಕಂತೆ. ಮೊದಲನೇದೇ ಹೀಗಿತ್ತು: "ಮಳೆ ಬಂದ ದಿನ ಸಕಲೇಶಪುರದ ಅಂಗಡಿ ಎಲ್ಲಾ ಮುಚ್ಚಿರ್ತವೆ ಅಂತ ಇಟ್ಕೊಳ್ಳಿ. ಇವತ್ತು ಮಳೆ ಬಂದದೆ. ಕುಳ್ಳಯ್ಯನ ಅಂಗಡಿ ಸಕಲೇಶಪುರದಲ್ಲಿ ಐತೆ. ಅದು ತೆಗೆದಿರ್ತದಾ, ಮುಚ್ಚಿರ್ತದಾ?"

"ಯಾವ ಕುಳ್ಳಯ್ಯ? ಬೀಡಾ ಅಂಗಡಿಯವನಾ?" ಅಂದಳು ಕೆಂಚಮ್ಮ. "ಅವನು ಪ್ರಳಯ ಆದ್ರೂ ಮುಚ್ಚೋ ಆಸಾಮಿ ಅಲ್ಲ. ತೆಗೆದಿರ್ತಾನೆ."

"ಮಳೆ ಬಂದ್ರೆ ಅಂಗಡಿ ಮುಚ್ಚಿದ್ರೆ ಸಕಲೇಶಪುರದೋರು ವರ್ಷಕ್ಕೆ ಆರು ತಿಂಗಳು ಉಪವಾಸ ಇರಬೇಕು," ಅಂತ ಭೂತಮ್ಮ ದನಿಗೂಡಿಸಿದಳು.

ಗಂಗಾಮಣಿ ಬೀಜದಿಂದ ಕಣ್ಣು ತೆಗೆಯದೆ ಅಂದಳು: "ಮುಚ್ಚಿರ್ತದೆ. ಎಲ್ಲಾ ಅಂಗಡಿ ಅಂತ ಅವರೇ ಹೇಳಿದ್ರು. ನೀವು ಕೇಳಿಸಿಕೊಳ್ಳಲಿಲ್ಲ."

ಇನ್ನೊಂದು ಪ್ರಶ್ನೆಯನ್ನು ಎರಡು ದಿನ ಹಂಚಿ ಕೇಳಿದಳು. ಮೊದಲ ದಿನ: ಸ್ಟೋರಿಗೆ ನೀರು ನುಗ್ಗಿದೆ, ಒಳಗೆ ಅರವತ್ತು ಮೂಟೆ. ಬಾಗಿಲಿನಿಂದ ಎತ್ತಿದರೆ ಇಪ್ಪತ್ತು ಮೂಟೆ ಖಂಡಿತ ಉಳಿಯುತ್ತವೆ. ಗೋಡೆ ಒಡೆದರೆ ಮೂರಕ್ಕೆ ಒಂದು ಸಲ ಅರವತ್ತೂ ಉಳಿಯಬಹುದು, ಮಿಕ್ಕ ಎರಡು ಸಲ ಒಂದೂ ಉಳಿಯುವುದಿಲ್ಲ. ಏನು ಮಾಡುತ್ತೀರಿ? ಬೆಂಚು ಮುಕ್ಕಾಲು ಪಾಲು ಬಾಗಿಲಿನಿಂದ ಎತ್ತೋಣ ಅಂದಿತು. ಕೈಗೆ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಕೆಂಚಮ್ಮನೂ ಹಾಗೇ ಅಂದಳು. ಮಾರನೇ ದಿನ: ಅರವತ್ತು ಮೂಟೆ, ಬಾಗಿಲಿನಿಂದ ಎತ್ತಿದರೆ ನಲವತ್ತು ಮೂಟೆ ಖಂಡಿತ ಹಾಳಾಗುತ್ತವೆ. ಗೋಡೆ ಒಡೆದರೆ ಮೂರಕ್ಕೆ ಒಂದು ಸಲ ಒಂದೂ ಹಾಳಾಗುವುದಿಲ್ಲ, ಮಿಕ್ಕ ಎರಡು ಸಲ ಅರವತ್ತೂ ಹಾಳು.

"ನಲವತ್ತು ಹಾಳಾಗೋದನ್ನ ನೋಡ್ಕೊಂಡು ಕೂರ್ತೀವಾ? ಗೋಡೆ ಒಡೀರಿ," ಅಂದಳು ಕೆಂಚಮ್ಮ. ಬೆಂಚೂ ಹೂಂಗುಟ್ಟಿತು.

"ಇದು ನಿನ್ನೆ ಕೇಳಿದ್ದೇ," ಅಂದಳು ಗಂಗಾಮಣಿ. "ಅರವತ್ತರಲ್ಲಿ ಇಪ್ಪತ್ತು ಉಳಿದ್ರೆ ನಲವತ್ತು ಹಾಳು. ಮಾತು ತಿರುಗಿಸಿ ಕೇಳಿದಾರೆ. ನಿನ್ನೆ ಬಾಗಿಲು ಅಂದೆ, ಇವತ್ತೂ ಬಾಗಿಲು."

ಕೆಂಚಮ್ಮ ಬೆರಳು ಮಡಿಸಿ ನೋಡಿದಳು. ನಿಜ. ಅವಳಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. "ನಮ್ಮನ್ನ ಮಂಗ ಮಾಡೋಕೆ ಓದಿದ್ರಾ ಡಾಕ್ಟ್ರಮ್ಮ ಇಷ್ಟು ವರ್ಷ?"

"ಇಲ್ಲ ಅಕ್ಕ, ಮೊದಲನೇ ಸಲ ನನಗೆ ಕೇಳಿದಾಗ ನಾನೂ ಗೋಡೆ ಒಡೆದೆ," ಅಂದಳು ದ್ರಾಕ್ಷಾಯಣಿ. "ಉಳೀತದೆ ಅನ್ನೋ ಮಾತು ಕೇಳಿದ್ರೆ ನಮ್ಮ ಮನಸ್ಸು ಒಂದು ಕಡೆ ಓಡ್ತದೆ, ಹಾಳಾಗ್ತದೆ ಅಂದ್ರೆ ಇನ್ನೊಂದು ಕಡೆ. ಲೆಕ್ಕ ಆಮೇಲೆ. ಇವಳದ್ದು ಹಂಗೆ ಓಡಲ್ಲ, ನಿಂತು ನೋಡ್ತದೆ. ಇವಳ ಥರದವರಲ್ಲಿ ಇದು ಎಷ್ಟು ಜನಕ್ಕೆ ಐತೆ, ಯಾಕೆ ಐತೆ, ಅದನ್ನೇ ನಾನು ಹುಡುಕ್ತಿರೋದು. ಇನ್ನೂ ಪೂರ್ತಿ ಗೊತ್ತಿಲ್ಲ."

ಕೆಂಚಮ್ಮ ಒಂದು ಹಿಡಿ ಬೀಜ ಎತ್ತಿ ಮೇಜಿನ ಮೇಲೆ ಹರಡಿದಳು. "ನೋಡಿ ಇಲ್ಲಿ. ನಾವೆಲ್ಲ ಕೈಯಲ್ಲಿ ಆರಿಸ್ತೀವಿ. ಕಣ್ಣು ನೋಡೋ ಮೊದಲೇ ಕೈ ಹೋಗಿರ್ತದೆ. ಅದಕ್ಕೆ ಬಿರ್ರನೆ ಆಗ್ತದೆ, ಅದಕ್ಕೇ ಒಂದೊಂದು ತಪ್ಪೂ ಆಗ್ತದೆ. ಇವ್ಳು ಕಣ್ಣಲ್ಲಿ ಆರಿಸ್ತಾಳೆ. ತಪ್ಪಾಗಲ್ಲ, ಆದ್ರೆ ಲಾರಿ ಬಂದ್ರೆ ಸರಿಯೋಕೂ ಕಣ್ಣಲ್ಲೇ ನೋಡಬೇಕಲ್ಲ, ಅಷ್ಟರಲ್ಲಿ ಲಾರಿ ಬಂದಿರ್ತದೆ. ಇದೇ ತಾನೇ ನೀವು ಹೇಳೋದು?"

ದ್ರಾಕ್ಷಾಯಣಿ ಪುಸ್ತಕ ತೆಗೆದು ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಕೆಂಚಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು.

ಆ ಏಪ್ರಿಲ್ಲಿನಲ್ಲಿ ಬಾಲು ಮತ್ತೆ ಶೆಡ್ಡಿನ ಬಾಗಿಲಲ್ಲಿ ನಿಂತ. ಈ ಸಲ ತಂಗಿಗೆ ಗಂಡು ನೋಡಿಕೊಂಡು ಬಂದಿದ್ದ. ಆಲೂರು ಕಡೆಯ ಚಲುವಯ್ಯ, ನಲವತ್ತೈದರ ಆಸುಪಾಸು, ಹೆಂಡತಿ ಸತ್ತವನು. ಶುಂಠಿ ಹೊಲ, ನಾಲ್ಕು ಹಸು. ಕೆಟ್ಟ ಚಟ ಇಲ್ಲ. ಮನೆ ನೋಡಿಕೊಳ್ಳಲು ಬಾಯಿ ಕಮ್ಮಿ ಇರುವ ಹೆಣ್ಣು ಬೇಕಂತೆ.

"ಬೆಂಚಿನ ಕೆಲ್ಸ?" ಅಂದಳು ಕೆಂಚಮ್ಮ.

"ಮದ್ವೆ ಆದ ಮೇಲೆ ಬೆಂಚೇನು ಕೆಂಚಕ್ಕ. ನನಗೂ ಮಕ್ಳಾದವು. ನಾನು ರೋಡ್ ಮೇಲೆ ಇರೋನು, ಇವತ್ತು ಇದ್ದು ನಾಳೆ ಇಲ್ಲ. ಆಮೇಲೆ ಇವ್ಳನ್ನ ಯಾರು ನೋಡ್ತಾರೆ? ನಿನಗೂ ವಯಸ್ಸಾಯ್ತು."

ಅವನ ಮಾತಿನಲ್ಲಿ ತಪ್ಪು ಹುಡುಕಲು ಕೆಂಚಮ್ಮನಿಗೆ ಆಗಲಿಲ್ಲ. ಹೆಣ್ಣಿಗೆ ಒಂದು ಮನೆ ಅಂತ ಇರಬೇಕು ಅನ್ನುವುದನ್ನು ಅವಳೂ ನಂಬಿದವಳೇ. ಒಳ್ಳೇ ಸಂಬಂಧ ಅಂದುಬಿಟ್ಟಳು. ಗಂಗಾಮಣಿ ಕಿಟಕಿ ಪಕ್ಕದಲ್ಲಿ ಕೂತಿದ್ದಳು, ಎಲ್ಲ ಕೇಳಿಸಿತ್ತು. ಅವಳ ಕೈ ನಿಂತಿತ್ತು. ಏಳು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಕೈ ನಿಂತದ್ದನ್ನು ಕೆಂಚಮ್ಮ ನೋಡಿರಲಿಲ್ಲ. ಆ ಸಂಜೆ ಅವಳ ರಾಶಿಯಲ್ಲಿ ಎರಡು ಕರಿಬೀಜ ಸಿಕ್ಕವು. ಕೆಂಚಮ್ಮ ಅವನ್ನು ಯಾರಿಗೂ ಕಾಣದಂತೆ ಸೆರಗಿನಲ್ಲಿ ಕಟ್ಟಿಕೊಂಡಳೇ ಹೊರತು ಯಾಕೆ ಅಂತ ಕೇಳಲಿಲ್ಲ.

ಮುಂದಿನ ಸೋಮವಾರ ಬೆಳಗ್ಗೆ ಹೂ ಕೇಳುವುದು ಅಂತಾಯಿತು. ಗಂಗಾಮಣಿಯನ್ನು ಕರೆದುಕೊಂಡು ಕೆಂಚಮ್ಮನೇ ಹೋದಳು. ಗುಡಿಯಲ್ಲಿ ಬಾಲು, ಚಲುವಯ್ಯ, ಊರಿನ ಹತ್ತಾರು ಜನ. ರಜೆಗೆ ಬಂದಿದ್ದ ದ್ರಾಕ್ಷಾಯಣಿ ಅಪ್ಪನಿಗೆ ಹೂವಿನ ಬುಟ್ಟಿ ಎತ್ತಿಕೊಡುತ್ತಿದ್ದಳು. ಗಂಗಾಮಣಿ ತನ್ನ ಹಳೆಯ ಕಂಬದ ಹತ್ತಿರ ಹೋಗಿ ಕೂತಳು.

ಮಹಾದೇವಯ್ಯನವರು ಹೂ ಅಂಟಿಸಿ ಗಟ್ಟಿಯಾಗಿ ಕೇಳಿದರು: "ಬಾಲು ತಂಗಿನ ಚಲುವಯ್ಯಂಗೆ ಕೊಟ್ರೆ ಒಳ್ಳೇದಾಗ್ತದಾ ಸ್ವಾಮಿ?"

ಎಡಗಡೆಯ ಹೂ ಬಿತ್ತು.

ಜನ ಗುಸುಗುಟ್ಟಿದರು. ಬಾಲು ಅಂದ, "ಅಯ್ನೋರೆ, ಶ್ರಾವಣದಲ್ಲಿ ಮಾಡಿದ್ರೆ ಒಳ್ಳೇದಾ ಅಂತ ಕೇಳಿ." ಹಾಗೆ ಕೇಳುವುದೂ ಆ ಕಡೆಯ ರೂಢಿಯೇ. ದೇವರು ಕೊಡದಿದ್ದರೆ ನಾವು ಕೇಳಿದ್ದರಲ್ಲೇ ಏನೋ ಐಬಿದೆ ಅಂತ. ಅಯ್ನೋರು ಮತ್ತೆ ಹೂ ಅಂಟಿಸಿದರು. ಬಹಳ ಹೊತ್ತು ಎರಡೂ ಅಲುಗಲಿಲ್ಲ. ಆಮೇಲೆ ಎಡಗಡೆಯದೇ ಬಿತ್ತು.

ಚಲುವಯ್ಯ ಚಪ್ಪಲಿ ಕಡೆ ನೋಡಿದ. ಬಾಲುವಿನ ಹಣೆಯಲ್ಲಿ ಬೆವರು. ಗುಂಪಿನಲ್ಲಿ ಒಬ್ಬ ಹಿರಿಯ ಅಂದ, "ಹಿಂಗಲ್ಲ ಕಣೋ. ಬಿಟ್ರೆ ಕೇಡಾಗ್ತದಾ ಅಂತ ಕೇಳಿಸು."

"ಈ ಸಂಬಂಧ ಬಿಟ್ರೆ ಮನೆಗೆ ಕೇಡಾಗ್ತದಾ ಸ್ವಾಮಿ?" ಅಂದರು ಅಯ್ನೋರು.

ಬಲಗಡೆಯ ಹೂ ಪಟ್ಟನೆ ಬಿತ್ತು.

"ಕೊಟ್ಟ ನೋಡು," ಅಂದರು ನಾಲ್ಕೈದು ಜನ ಒಟ್ಟಿಗೆ. ಬಾಲು ಕಣ್ಣು ಮುಚ್ಚಿ ಕೈ ಮುಗಿದ. ಕೆಂಚಮ್ಮನ ಎದೆಯೂ ನಿರಾಳವಾಯಿತು. ದೇವರೇ ಹೇಳಿದ ಮೇಲೆ ತನ್ನದೇನು?

"ಇದು ಮೊದಲು ಕೇಳಿದ್ದೇ," ಅಂದಳು ಗಂಗಾಮಣಿ ಕಂಬದ ಹತ್ತಿರದಿಂದ.

ಜನ ತಿರುಗಿ ನೋಡಿದರು. ಅವಳು ಎದ್ದು ನಿಂತಳು. ಯಾರನ್ನೂ ನೋಡಲಿಲ್ಲ, ದೇವರ ಭುಜವನ್ನು ನೋಡಿಕೊಂಡು, ಬೀಜ ಒಂದೊಂದಾಗಿ ಮುಂದಕ್ಕೆ ತಳ್ಳುವ ಹಾಗೆ ಮಾತಾಡಿದಳು.

"ಕೊಟ್ರೆ ಒಳ್ಳೇದಾ ಅಂದ್ರಿ. ಎಡ. ಶ್ರಾವಣದಲ್ಲಿ ಕೊಟ್ರೆ ಒಳ್ಳೇದಾ ಅಂದ್ರಿ. ಎಡ. ಬಿಟ್ರೆ ಕೆಟ್ಟದ್ದಾ ಅಂದ್ರಿ. ಬಲ. ಮೂರೂ ಒಂದೇ ಪ್ರಶ್ನೆ. ಎರಡು ಸಲ ಬೇಡ, ಒಂದು ಸಲ ಬೇಕು. ನೀವು ಒಂದನ್ನ ಇಟ್ಕೊಂಡು ಎರಡನ್ನ ಬಿಟ್ರಿ."

"ಸುಮ್ನಿರು ಗಂಗೆ," ಅಂದ ಬಾಲು.

"ಚಿಕ್ಕೇಗೌಡರ ಬಾವಿಗೂ ಹಿಂಗೇ ಕೇಳಿದ್ರಿ. ಎಡ, ಎಡ, ಎಡ, ಬಲ. ಬಾವಿ ತೋಡಿದ್ರು. ನೀರು ಬರಲಿಲ್ಲ. ದೇವರು ಬೇಡ ಅಂದಿದ್ದ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಬಾವಿಯ ವಿಷಯ ಊರಿಗೆಲ್ಲ ಗೊತ್ತಿತ್ತು.

ಕೆಂಚಮ್ಮನ ಕಣ್ಣ ಮುಂದೆ ಅರವತ್ತು ಮೂಟೆ ಬಂದು ನಿಂತವು. ಬಾಗಿಲು, ಗೋಡೆ, ಉಳೀತವೆ, ಹಾಳಾಗ್ತವೆ. ಮೊನ್ನೆ ಡಾಕ್ಟ್ರಮ್ಮನ ಮುಂದೆ ಎಡವಿದ ಜಾಗದಲ್ಲೇ ಇವತ್ತು ದೇವರ ಮುಂದೆಯೂ ಎಡವಿದ್ದಳು. ಒಳ್ಳೇದಾ ಅಂತ ಕೇಳಿದಾಗ ಬರದ ಹೆದರಿಕೆ, ಕೇಡಾ ಅಂದ ಕೂಡಲೇ ಬಂದುಬಿಟ್ಟಿತ್ತು. ಅವಳು ದ್ರಾಕ್ಷಾಯಣಿಯ ಮುಖ ನೋಡಿದಳು. ಆಕೆ ಬುಟ್ಟಿ ಹಿಡಿದು ಅಪ್ಪನನ್ನು ನೋಡುತ್ತಿದ್ದಳು. ಅದು ಅವಳು ಬಾಯಿ ಬಿಡುವ ಜಾಗವಲ್ಲ.

ಮಾತಾಡಬೇಕಾದವಳು ತಾನು ಅಂತ ಕೆಂಚಮ್ಮನಿಗೆ ತಿಳಿಯಿತು.

"ಅಯ್ನೋರೆ," ಅಂದಳು, "ಹುಡುಗಿ ಹೇಳೋದು ಸರಿ ಐತೆ. ನಾನು ಏಳು ವರ್ಷದಿಂದ ಇವಳ ರಾಶಿ ನೋಡಿವ್ನಿ. ಕೆಟ್ಟದ್ದನ್ನ ಒಳ್ಳೇದರ ಜೊತೆ ಸೇರಿಸೋಳಲ್ಲ. ಒಳ್ಳೇ ಸಂಬಂಧ ಅಂತ ನಾನೂ ಹೇಳಿದ್ದೆ. ಇವಳನ್ನ ಒಂದು ಮಾತು ಕೇಳದೆ ಹೇಳಿದ್ದೆ. ಅದು ತಪ್ಪು."

ಮಹಾದೇವಯ್ಯನವರು ಕೆಳಗೆ ಬಿದ್ದಿದ್ದ ಮೂರೂ ಹೂವನ್ನು ಆಯ್ದು ಅಂಗೈಯಲ್ಲಿಟ್ಟುಕೊಂಡರು. ಎಪ್ಪತ್ತು ದಾಟಿದ ಮನುಷ್ಯ, ಸಿಟ್ಟಾಗುತ್ತಾರೆ ಅಂತ ಎಲ್ಲರೂ ಕಾದರು.

"ನಮ್ಮಪ್ಪನ ಕಾಲದಲ್ಲಿ ಒಂದು ಪ್ರಶ್ನೆಗೆ ಒಂದು ಹೂ ಅಷ್ಟೇ," ಅಂದರು ನಿಧಾನವಾಗಿ. "ಜನರ ಮುಖ ನೋಡಿ, ಪಾಪ ಅಂತ, ಎರಡನೇದು ಶುರು ಮಾಡಿದೋನು ನಾನು. ಮೂರನೇದು ನೀವು ಮಾಡಿದ್ರಿ. ಕೇಳಿದ್ದನ್ನೇ ಕೇಳಿದ್ರೆ ದೇವರಿಗೂ ಬೇಜಾರಾಗ್ತದೆ. ಮೊದಲನೇ ಹೂವೇ ಹೂ. ಬೇಡ ಅಂದವ್ನೆ." ಆಮೇಲೆ ಕಂಬದ ಕಡೆ ತಿರುಗಿದರು. "ನಿನಗೇನು ಬೇಕವ್ವ? ಅದನ್ನ ದೇವರ ಹತ್ರ ಕೇಳೋದೇನೈತೆ, ನೀನೇ ಹೇಳು."

"ಆನೇಮಹಲಲ್ಲಿ ನನ್ನ ಜಾಗ. ಕಿಟಕಿ ಪಕ್ಕ," ಅಂದಳು ಗಂಗಾಮಣಿ. "ಬೆಳಕೈತೆ."

ಬಾಲು ಮೆಟ್ಟಿಲ ಮೇಲೆ ಕೂತ. ಕೆಂಚಮ್ಮ ಅವನ ಪಕ್ಕ ಹೋಗಿ ಕೂತಳು. "ಯಾರು ನೋಡ್ತಾರೆ ಅಂತ ತಾನೇ ನಿನ್ನ ಯೋಚನೆ? ನನ್ನ ಮನೆ ಐತಲ್ಲ. ನಾನು ಸತ್ರೆ ಮನೆ ಜೊತೆಗೆ ಹೊತ್ಕೊಂಡು ಹೋಗ್ತೀನಾ? ಇವ್ಳೇ ಇರ್ಲಿ."

ಚಲುವಯ್ಯ ಕೋಪ ಮಾಡಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟುತ್ತಾ ಬಾಲುವಿನ ಬೆನ್ನು ತಟ್ಟಿದ. "ಬಾಯಿ ಕಮ್ಮಿ ಅಂದ್ಬುಟ್ಟಿದ್ದೆಯಲ್ಲೋ ಮಾರಾಯ. ವೀರಭದ್ರ ನನ್ನ ಉಳಿಸಿದ."

ಮಾರನೇ ದಿನ ಗಂಗಾಮಣಿ ಕಿಟಕಿ ಪಕ್ಕದಲ್ಲಿ ಕೂತಳು. ಆ ಸಂಜೆಯ ರಾಶಿಯಲ್ಲಿ ಕರಿಬೀಜ ಇರಲಿಲ್ಲ.

ದ್ರಾಕ್ಷಾಯಣಿ ವರ್ಷಕ್ಕೊಮ್ಮೆ ಬರುತ್ತಿದ್ದಳು. ಒಮ್ಮೆ ತನ್ನ ಲೇಖನ ಅಚ್ಚಾಗಿದೆ ಅಂತ ಇಂಗ್ಲಿಷ್ ಪತ್ರಿಕೆಯೊಂದನ್ನು ತಂದು ತೋರಿಸಿದಳು. ಹೆಸರು ಹಾಕುವಂತಿಲ್ಲವಂತೆ, ಗಂಗಾಮಣಿ ಅಲ್ಲಿ ಒಂದು ಅಂಕಿ ಆಗಿದ್ದಳು. ಗಂಗಾಮಣಿ ಆ ಅಂಕಿಯನ್ನು ನೋಡಿದಳು, ಸಾಲಿನಲ್ಲಿ ಮಿಕ್ಕ ಅಂಕಿಗಳನ್ನೂ ನೋಡಿದಳು. "ನನ್ನ ಥರ ಇಷ್ಟು ಜನ ಅವ್ರಾ?" ಅಂದಳು. ಇದ್ದಾರೆ ಅಂದಿದ್ದಕ್ಕೆ ಆ ದಿನವೆಲ್ಲ ಹಗುರವಾಗಿ ಓಡಾಡಿದಳು. ಭೂತಮ್ಮ ಮಾತ್ರ, ಇಪ್ಪತ್ತೆರಡು ಜನ ಉತ್ತರ ಕೊಟ್ಟಿದ್ದೀವಿ, ನಮ್ಮ ಅಂಕಿ ಎಲ್ಲಿ ಅಂತ ಜಗಳ ತೆಗೆದಳು. ಅದೂ ಇತ್ತು, ಇನ್ನೊಂದು ಪುಟದಲ್ಲಿ.

ಎರಡು ಸಾವಿರದ ಎಂಟರ ಹೊತ್ತಿಗೆ ಕೆಂಚಮ್ಮನ ಕಣ್ಣಿಗೆ ಪೊರೆ ಬರತೊಡಗಿತು. ಅವಳು ಯಾರಿಗೂ ಹೇಳಲಿಲ್ಲ. ಕೈಗೆ ಗೊತ್ತಿದೆಯಲ್ಲ ಅಂತ ಧೈರ್ಯ. ಮಾರ್ಚಿನಲ್ಲಿ ಮಂಗಳೂರಿನಿಂದ ಹನ್ನೆರಡು ಮೂಟೆ ವಾಪಸು ಬಂದವು, ಒಳಗೆ ಒಡಕು ಇದೆ ಅಂತ. ಹೂಂ ಅಂದವಳು ಕೆಂಚಮ್ಮ ಅಂತ ಎಲ್ಲರಿಗೂ ಗೊತ್ತು. ಭೂತಮ್ಮ ಕೂಡ ತಲೆ ತಗ್ಗಿಸಿ ಬೀಜ ಆರಿಸಿದಳು. ಸಾವ್ಕಾರರು ತಲೆಯಾಳನ್ನು ಬದಲಿಸಬೇಕು ಅಂತ ಲೆಕ್ಕ ಬರೆಯುವ ರೈಟರ್ ಹತ್ತಿರ ಅಂದಿದ್ದರಂತೆ. ಹೊಸಬರು ಬಂದರೆ ನಿಧಾನಕ್ಕೆ ಆರಿಸುವವಳಿಗೆ ಬೆಂಚಿನಲ್ಲಿ ಜಾಗ ಇರುತ್ತದೆ ಅಂತ ಯಾರು ಹೇಳಬೇಕು? ಕೆಂಚಮ್ಮನಿಗೆ ತನ್ನದಕ್ಕಿಂತ ಅದೇ ಚಿಂತೆಯಾಗಿತ್ತು, ಆದರೂ ತಲೆಯ ಜಾಗ ಬಿಟ್ಟು ಏಳಲು ಮನಸ್ಸು ಬರಲಿಲ್ಲ.

ಒಂದು ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಗಂಗಾಮಣಿ ಬಂದು ಅವಳ ಪಕ್ಕ ನಿಂತಳು. ಆಗ ಅವಳಿಗೆ ಮೂವತ್ತಾರು, ಕಿವಿಯ ಹತ್ತಿರ ಒಂದೆರಡು ನರೆ. ಬೆಂಚಿನವರೆಲ್ಲ ಇನ್ನೂ ಕೂರುತ್ತಿದ್ದರು, ಎಲ್ಲರಿಗೂ ಕೇಳಿಸುವ ಹಾಗೆಯೇ ಮಾತಾಡಿದಳು. ದನಿ ತಗ್ಗಿಸುವುದು ಅವಳಿಗೆ ಯಾವತ್ತೂ ಬಂದದ್ದಲ್ಲ. ಇದಕ್ಕೆ ಮೊದಲು ಅವಳು ಕೆಂಚಮ್ಮನನ್ನು ಏನನ್ನೂ ಕೇಳಿದ್ದಿಲ್ಲ.

"ಕೆಂಚಮ್ಮಕ್ಕ, ನಿಮಗೆ ಕಣ್ಣು ಕಾಣ್ತಿಲ್ಲ. ಒಂಬತ್ತು ದಿನದಿಂದ ನೋಡಿದೀನಿ. ನನಗೆ ಕಾಣ್ತದೆ. ಆದ್ರೆ ಸಾವ್ಕಾರ್ರ ಹತ್ರ ಮಾತಾಡೋಕೆ ನನಗೆ ಬರಲ್ಲ, ಭೂತಮ್ಮತ್ತೆ ಜಗಳ ಮಾಡಿದ್ರೆ ತಿರುಗಿ ಜಗಳ ಮಾಡೋಕೂ ಬರಲ್ಲ. ಅದೆಲ್ಲ ನಿಮಗೆ ಬರ್ತದೆ. ರಾಶಿ ನಾನು ನೋಡ್ತೀನಿ. ಮಾತು ನೀವು ಆಡಿ. ಸ್ವಲ್ಪ ಆ ಕಡೆ ಸರೀತೀರಾ, ನಾನು ಕೂತ್ಕೋಬೇಕು."